ಮಳೆಗಾಲದಲ್ಲಿ ಹಳದಿಗೆ ತಿರುಗುತ್ತಿದ್ದ ಪೆರೋವ್‌ಸ್ಕೈಟ್ ಸೌರ ಸೆಲ್ ಸರಿಹೋದದ್ದು ಹೀಗೆ

ಪುಣೆಯಲ್ಲಿ ಜುಲೈ ಬಂತೆಂದರೆ ನಮ್ಮ ಲ್ಯಾಬಿನಲ್ಲಿ ಇದೇ ಗೋಳು. ಸೆಲ್ಲಿನಲ್ಲಿ ಬೆಳಕು ಹೀರುವ ಕಡುಕಂದು ಬಣ್ಣದ ಪೆರೋವ್‌ಸ್ಕೈಟ್ ಪದರ, ಅಂದರೆ ಫಿಲ್ಮ್, ಎರಡು ಮೂರು ದಿನದಲ್ಲಿ ಅಂಚಿನಿಂದ ಹಳದಿಯಾಗುತ್ತಿತ್ತು. ಆ ಹಳದಿ ಲೆಡ್ ಅಯೊಡೈಡ್. ತೇವ ತಗುಲಿ ಫಿಲ್ಮಿನ ಇನ್ನೊಂದು ಘಟಕವಾದ ಮೀಥೈಲ್ ಅಮೋನಿಯಂ ಬಿಟ್ಟುಹೋದ ಮೇಲೆ ಉಳಿಯುವುದು ಅದೇ.

ಸಿಲಿಕಾ ಜೆಲ್ ಡಬ್ಬಿಯಲ್ಲಿಟ್ಟೆ. ಅಳೆಯಲು ಹೊರಗೆ ತೆಗೆದಾಗೆಲ್ಲ ತೇವ ಸೇರಿತು. ಜಾಸ್ತಿ ಹೊತ್ತು ಕಾಯಿಸಿದೆ, ಹಳದಿಯೇ ಹೆಚ್ಚಿತು. ಸೆಲ್ ಮೇಲೆಲ್ಲ ಎಪಾಕ್ಸಿ ಅಂಟು ಸುರಿದೆ, ಒಳಗಿನ ಪದರವೇ ಹಾಳಾಯಿತು.

ಕೆಲಸ ಮಾಡಿದ್ದು ಎರಡು ಹೆಜ್ಜೆ: ಫಿಲ್ಮಿನ ಮೇಲೊಂದು ತೆಳು ಪದರ, ಆಮೇಲೆ ಗಾಜಿನ ಮುಚ್ಚಳ. ಎಲ್ಲವೂ ಗ್ಲೋವ್ ಬಾಕ್ಸಿನೊಳಗೆ, ಅಂದರೆ ತೇವವಿಲ್ಲದ ಅನಿಲ ತುಂಬಿದ ಮುಚ್ಚಿದ ಪೆಟ್ಟಿಗೆಯೊಳಗೆ.

ಫಿಲ್ಮನ್ನು 100 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ, ಪೂರ್ತಿ ತಣ್ಣಗಾಗಲು ಬಿಡಿ. 1 ಮಿಲಿ ಒಣ ಐಸೊಪ್ರೊಪೈಲ್ ಆಲ್ಕೋಹಾಲಿಗೆ 2 ಮಿಲಿಗ್ರಾಂ ಫೆನೆಥೈಲ್ ಅಮೋನಿಯಂ ಅಯೊಡೈಡ್ ಎಂಬ ಉಪ್ಪನ್ನು ಕರಗಿಸಿ. ಫಿಲ್ಮ್ 4000 ಆರ್‌ಪಿಎಂನಲ್ಲಿ ತಿರುಗುತ್ತಿರುವಾಗಲೇ ಒಂದೇ ಸಲ ಹನಿಸಿ, 30 ಸೆಕೆಂಡ್ ತಿರುಗಿಸಿ. ನಿಂತ ಫಿಲ್ಮಿನ ಮೇಲೆ ಹಾಕಬೇಡಿ, ಆಲ್ಕೋಹಾಲ್ ಅದನ್ನೇ ತಿನ್ನುತ್ತದೆ. ನಾನು ಎಡವಿದ್ದು ಇಲ್ಲೇ. ಈ ತೆಳು ಪದರ ನೀರನ್ನು ದೂರ ಇಡುತ್ತದೆ, ಮೇಲ್ಮೈಯ ದೋಷಗಳನ್ನೂ ಮುಚ್ಚುತ್ತದೆ. ವೋಲ್ಟೇಜ್ ಏರುವುದು ಅದರಿಂದಲೇ.

ಇದರ ಮೇಲೆ ಬರುವ, ಧನ ಚಾರ್ಜನ್ನು ಎಲೆಕ್ಟ್ರೋಡಿಗೆ ಸಾಗಿಸುವ ಸ್ಪೈರೊ ಪದರದ ಲಿಥಿಯಂ ಉಪ್ಪು ತಾನೇ ನೀರು ಹೀರುತ್ತದೆ, ಅಲ್ವಾ? ಅದಕ್ಕೇ ಗಾಜಿನ ಮುಚ್ಚಳವೂ ಬೇಕು. ಎಲೆಕ್ಟ್ರೋಡ್ ಹಾಕುವ ಮೊದಲೇ ಅಂಚಿನಲ್ಲಿ 2 ಮಿಮೀ ಅಗಲಕ್ಕೆ ಪದರಗಳನ್ನು ಒರೆಸಿ ತೆಗೆಯಿರಿ. ಅಂಟು ಪದರದ ಮೇಲೆ ಕೂತರೆ ಅದರಡಿಯಿಂದಲೇ ತೇವ ನುಸುಳುತ್ತದೆ. ಯುವಿ ಬೆಳಕಿಗೆ ಗಟ್ಟಿಯಾಗುವ ಎಪಾಕ್ಸಿಯನ್ನು ಅಂಚಿಗಷ್ಟೇ ಹಚ್ಚಿ ಗಾಜು ಕೂರಿಸಿ, ಮಧ್ಯ ಭಾಗಕ್ಕೆ ಫಾಯಿಲ್ ಮುಚ್ಚಿ ಯುವಿ ಬೆಳಕು ಬಿಡಿ.

ಹೀಗೆ ಮಾಡಿದ ಸೆಲ್ ಮೇಜಿನ ಮೇಲೇ ಇದೆ. ಮೂರು ವಾರವಾಯಿತು, ಅಂಚು ಇನ್ನೂ ಕಂದು.