ಮಗು ಒಂಟಿಯಾಗಿ ಮಲಗುವ ಜಾಗ: ಕ್ರಿಬ್ ಆರಿಸಿದ ನನ್ನ ಅನುಭವ

ನಮ್ಮ ಮಗುವಿನ ಹೆರಿಗೆ ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ) ಆಗಬಹುದು ಎಂದು ವೈದ್ಯರು ಹೇಳಿದ್ದರಿಂದ, ಅದು ಮಲಗುವ ವ್ಯವಸ್ಥೆಯ ಬಗ್ಗೆ ನಾವು ಬೇಸಗೆಯಲ್ಲಿಯೇ ಯೋಚಿಸತೊಡಗಿದ್ದೆವು. ನಾವಿರುವುದು ಮಂಗಳೂರಿನ ಬಿಜೈಯ ಒಂದು ಫ್ಲ್ಯಾಟಿನಲ್ಲಿ. ಪತಿಯ ಮೂಲಮನೆ ಉಡುಪಿಯಾಚೆ ಬ್ರಹ್ಮಾವರದ ಕಡೆ. ಅಲ್ಲಿನ ಅಟ್ಟದಲ್ಲಿ ಎರಡು ತಲೆಮಾರಿನ ಮಕ್ಕಳು ಮಲಗಿದ್ದ ಮರದ ತೊಟ್ಟಿಲು ಇದೆ. ಅದನ್ನೇ ಇಳಿಸಿ ತರುವುದೆಂದು ಮನೆಯವರೆಲ್ಲರೂ ಎಣಿಸಿದ್ದರು. ನಾನು ಆ ತೊಟ್ಟಿಲನ್ನು ನಾಮಕರಣದ ದಿನಕ್ಕೆ ಮೀಸಲಿಟ್ಟು, ನಿತ್ಯದ ನಿದ್ದೆಗೆ ಅಲುಗಾಡದ ಕ್ರಿಬ್ ಒಂದನ್ನು, ಎಂದರೆ ಸುತ್ತ ಕಂಬಿಗಳಿರುವ ಮಗುವಿನ ಮಂಚವನ್ನು, ಮಾಡಿಸಲು ತೀರ್ಮಾನಿಸಿದೆ.

ತೊಟ್ಟಿಲಿನ ಬಗ್ಗೆ ನನಗೆ ಪ್ರೀತಿಯಿದೆ. ಆದರೆ ಅದು ಯಾವ ಬಗೆಯ ಮನೆಯಲ್ಲಿ, ಯಾವ ಹೊತ್ತಿನಲ್ಲಿ ಬಳಕೆಯಾಗುತ್ತಿತ್ತು ಎಂಬುದನ್ನು ಅತ್ತೆಯವರಿಂದಲೇ ಕೇಳಿ ತಿಳಿದಾಗ ನನ್ನ ದಾರಿ ಸ್ಪಷ್ಟವಾಯಿತು. ಚಾವಡಿಯ ತೊಲೆಗೆ ಸರಪಳಿ ಹಾಕಿ ತೂಗುಬಿಟ್ಟ ಆ ತೊಟ್ಟಿಲಿನ ಪಕ್ಕದಲ್ಲಿ ಹಗಲೆಲ್ಲ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು; ಮಲ್ಲಿಗೆ ಕಟ್ಟುತ್ತಲೋ ತರಕಾರಿ ಹೆಚ್ಚುತ್ತಲೋ ಕುಳಿತ ಅಜ್ಜಿ, ಹಗ್ಗದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ತೂಗುತ್ತಿದ್ದರಂತೆ. ರಾತ್ರಿ ಮಗು ತಾಯಿಯ ಪಕ್ಕದ ಚಾಪೆಗೆ ಬರುತ್ತಿತ್ತು. ಎಂದರೆ ತೊಟ್ಟಿಲಿನ ಸುರಕ್ಷತೆಯ ಅರ್ಧ ಪಾಲು ಅದರ ಪಕ್ಕದಲ್ಲಿ ಕುಳಿತ ಮನುಷ್ಯರಲ್ಲಿತ್ತು. ನಮ್ಮ ಫ್ಲ್ಯಾಟಿನಲ್ಲಿ ರಾತ್ರಿ ಎರಡು ಗಂಟೆಗೆ ನಾವಿಬ್ಬರೂ ನಿದ್ದೆಯಲ್ಲಿರುತ್ತೇವೆ. ಆ ಹೊತ್ತಿನಲ್ಲಿ, ಯಾರ ಕಣ್ಣೂ ಇಲ್ಲದಿರುವಾಗ, ಮಗು ಹೊರಳಿದರೆ, ಕಾಲು ತೂರಿಸಿದರೆ, ಮುಖವನ್ನು ಮೂಲೆಗೆ ಒತ್ತಿದರೆ ಏನಾಗುತ್ತದೆ ಎಂಬುದೊಂದೇ ನಾನು ಪ್ರತಿಯೊಂದು ವಸ್ತುವಿಗೂ ಹಾಕಿದ ಪ್ರಶ್ನೆ.

ಮೊದಲು ಹಳೆಯ ತೊಟ್ಟಿಲನ್ನೇ ಅಳೆದು ನೋಡಿದೆ. ಕ್ರಿಬ್‌ಗಳ ವಿಚಾರದಲ್ಲಿ ಬಹಳ ಕಟ್ಟುನಿಟ್ಟಾದ ನಿಯಮಗಳಿರುವ ಅಮೆರಿಕದಲ್ಲಿ, ಎರಡು ಕಂಬಿಗಳ ನಡುವಿನ ಅಂತರ 2⅜ ಇಂಚನ್ನು, ಎಂದರೆ ಸುಮಾರು 6 ಸೆಂ.ಮೀ.ಯನ್ನು, ಮೀರುವಂತಿಲ್ಲ, ಯುರೋಪಿನ ಮಾನದಂಡ 6.5 ಸೆಂ.ಮೀ.ವರೆಗೆ ಬಿಡುತ್ತದೆ. ಇದಕ್ಕೆ ಕಾರಣ ಶಿಶುವಿನ ದೇಹದ ಅಳತೆಯೇ. ಶಿಶುವಿನ ತಲೆ ಅದರ ಸೊಂಟಕ್ಕಿಂತ ದೊಡ್ಡದು. ಆದ್ದರಿಂದ ಅಗಲವಾದ ಸಂದಿಯಲ್ಲಿ ಕಾಲು, ಸೊಂಟ, ಎದೆ ಜಾರಿ ಹೊರಗೆ ಬಂದು ತಲೆ ಮಾತ್ರ ಒಳಗೆ ಸಿಕ್ಕಿಕೊಳ್ಳಬಹುದು. ನಮ್ಮ ತೊಟ್ಟಿಲಿನ ಕಡೆದ ಕಂಬಿಗಳ ನಡುವೆ ನನ್ನ ನಾಲ್ಕು ಬೆರಳುಗಳು ಸಲೀಸಾಗಿ ಹೋಗುತ್ತಿದ್ದವು. ಅದರ ನಾಲ್ಕು ಮೂಲೆಗಳಲ್ಲಿ ಚೆಂದದ ಕಲಶಗಳಿವೆ. ಮೂಲೆಗಂಬ ಮೇಲಿನ ಅಡ್ಡಪಟ್ಟಿಗಿಂತ ಎತ್ತರವಾಗಿದ್ದರೆ ಏಳಲು ಕಲಿತ ಮಗುವಿನ ಅಂಗಿಯ ಕೊರಳು ಅದಕ್ಕೆ ಸಿಕ್ಕಿ ಬಿಗಿಯುವ ಅಪಾಯವಿದೆ. ಕೆಂಪು, ಹಸಿರು ಎನಾಮಲ್ ಬಣ್ಣ ಯಾವ ಕಾಲದ್ದೋ. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸದ ಪ್ರಮಾಣ ದಶಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ರೂಪುಗೊಂಡದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು, ಹಲ್ಲು ಬರುವ ಮಗು ಮೇಲಿನ ಪಟ್ಟಿಯನ್ನು ಕಚ್ಚುವುದಂತೂ ಖಂಡಿತ. ಕೆರೆದು ಹೊಸ ಬಣ್ಣ ಬಳಿಯೋಣವೆಂದರೆ, ಕೆರೆಯುವಾಗ ಏಳುವ ಧೂಳೇ ಮನೆಯವರೆಲ್ಲರ ಉಸಿರಿಗೆ ಸೇರುತ್ತದೆ.

"ಅವನು ಅದರಲ್ಲೇ ಬೆಳೆದದ್ದಲ್ಲವಾ ಮಗಾ?" ಎಂದು ಅತ್ತೆ ತಮ್ಮ ಮಗನ ಬಗ್ಗೆ ಕೇಳಿದರು. ಆ ಪ್ರಶ್ನೆಯಲ್ಲಿ ನೋವಿತ್ತು, ಅದು ಸಹಜವೂ ಆಗಿತ್ತು. "ಅವರಿಗೆ ಕಾವಲಾಗಿ ನೀವು ಪಕ್ಕದಲ್ಲಿ ಇದ್ದಿರಿ ಅತ್ತೆ, ನಮ್ಮ ಫ್ಲ್ಯಾಟಿನಲ್ಲಿ ರಾತ್ರಿ ಆ ಕಾವಲು ಯಾರು?" ಎಂದೆ. ಬಳಿಕ ಅವರೇ ಕಂಬಿಗಳ ನಡುವೆ ತಮ್ಮ ಮುಷ್ಟಿಯನ್ನು ತೂರಿಸಿ ನೋಡಿ, ನಾಮಕರಣಕ್ಕೆ ಮಾತ್ರ ಸಾಕು ಎಂದು ಒಪ್ಪಿದರು.

ಅಂಗಡಿಗಳಲ್ಲಿ ನೋಡಿದ ಕೆಲವನ್ನು ಹೇಳಬೇಕು. ಹಂಪನಕಟ್ಟೆಯಲ್ಲಿಯೂ ಕಂಕನಾಡಿಯಲ್ಲಿಯೂ ಹೆಚ್ಚಾಗಿ ತೋರಿಸಿದ್ದು ಸ್ಪ್ರಿಂಗ್ ತೊಟ್ಟಿಲು: ಕಬ್ಬಿಣದ ಚೌಕಟ್ಟು, ಅದಕ್ಕೆ ಸ್ಪ್ರಿಂಗು, ಕೆಳಗೆ ಜೋಳಿಗೆಯಂತೆ ಇಳಿಬಿದ್ದ ಬಟ್ಟೆ. ಮಗುವಿನ ಭಾರಕ್ಕೆ ಬಟ್ಟೆ ತಗ್ಗಿ ಬೆನ್ನು ಬಾಗುತ್ತದೆ. ಕುತ್ತಿಗೆಯ ಸ್ನಾಯುಗಳಿಗೆ ಇನ್ನೂ ಬಲ ಬಾರದ ಶಿಶುವಿನ ಗಲ್ಲ ಎದೆಗೆ ತಾಗುತ್ತದೆ. ಗಲ್ಲ ಎದೆಗೆ ಒತ್ತಿದಾಗ ಉಸಿರಿನ ಕೊಳವೆ ಕಿರಿದಾಗುತ್ತದೆ. ಇದು ಸದ್ದಿಲ್ಲದೆ ನಡೆಯುವುದರಿಂದ ಪಕ್ಕದ ಕೋಣೆಯಲ್ಲಿರುವವರಿಗೆ ಗೊತ್ತಾಗುವುದಿಲ್ಲ. ಮಲಗುವ ಜಾಗ ಸಮತಟ್ಟಾಗಿ, ಗಟ್ಟಿಯಾಗಿ ಇರಬೇಕು, ಓರೆ 10 ಡಿಗ್ರಿಯನ್ನು ಮೀರಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದು ಇದೇ ಕಾರಣಕ್ಕೆ. ಸೀರೆಯ ಜೋಳಿಗೆಗೂ ಇದೇ ಮಾತು ಅನ್ವಯಿಸುತ್ತದೆ. ಅಳುವ ಮಗುವನ್ನು ಎದುರಿಗೆ ಕುಳಿತು ತೂಗಿ ಸಮಾಧಾನಪಡಿಸುವುದು ಬೇರೆ, ಅದರಲ್ಲಿ ಮಲಗಿಸಿ ಅಡುಗೆಮನೆಗೆ ಹೋಗುವುದು ಬೇರೆ.

ಇನ್ನೊಂದು ಕಡೆ, ಒಂದು ಪಕ್ಕವನ್ನು ಕೆಳಕ್ಕೆ ಜಾರಿಸಬಹುದಾದ ಕ್ರಿಬ್ ತೋರಿಸಿ, ಸಿಸೇರಿಯನ್ ಆದ ತಾಯಂದಿರಿಗೆ ಬಗ್ಗುವ ಕಷ್ಟವಿಲ್ಲವೆಂದು ಮಾರಾಟಗಾರರು ವಿವರಿಸಿದರು. ಅನುಕೂಲ ನಿಜ. ಆದರೆ ಜಾರುವ ಪಕ್ಕವನ್ನು ಹಿಡಿದಿಡುವ ಕೊಂಡಿ ಸವೆದಾಗ ಅಥವಾ ಮುರಿದಾಗ ಆ ಪಕ್ಕ ಒಂದು ಮೂಲೆಯಲ್ಲಿ ಕಳಚಿ, ಹಾಸಿಗೆಗೂ ಅದಕ್ಕೂ ನಡುವೆ ಸಂದು ಬಿಡುತ್ತದೆ. ಹೀಗೆ 2000ದ ನಂತರದ ಒಂದು ದಶಕದಲ್ಲಿ ಅಮೆರಿಕದಲ್ಲಿ 30ಕ್ಕೂ ಹೆಚ್ಚು ಶಿಶುಗಳು ಸಾವಿಗೀಡಾದ ಮೇಲೆ, 2011ರ ಜೂನ್ 28ರಿಂದ ಅಲ್ಲಿ ಅಂಥ ಕ್ರಿಬ್‌ಗಳ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸಲಾಯಿತು. ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ ಕೊಂಡಿಗಳಿಗೆ ತುಕ್ಕು ಹಿಡಿಯುವ ವೇಗವನ್ನು ಬಲ್ಲವರು ಇದನ್ನು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು. ನಾಲ್ಕು ಪಕ್ಕವೂ ಸ್ಥಿರವಾಗಿರುವುದೇ ಬೇಕೆಂದು ನಾನು ನಿರ್ಧರಿಸಿದೆ. ಪುಡಿಹಲಗೆಯಿಂದ ಮಾಡಿದ ಅಗ್ಗದ ಕ್ರಿಬ್‌ಗಳನ್ನು ಸ್ಕ್ರೂ ಇರುವ ಜಾಗದಲ್ಲಿ ಮುಟ್ಟಿ ನೋಡಿಯೇ ಬಿಟ್ಟುಬಿಟ್ಟೆ. ಒಂದು ಮಳೆಗಾಲದ ತೇವಕ್ಕೆ ಆ ಹಲಗೆ ಉಬ್ಬಿದರೆ ಸ್ಕ್ರೂ ಹಿಡಿಯುವುದಿಲ್ಲ.

ಕೊನೆಗೆ ಮೂಲಮನೆಯ ಮರಗೆಲಸಗಳನ್ನು ಮಾಡುವ ಆಚಾರ್ಯರ ಬಳಿಗೆ ಹೋದೆವು. ಅವರ ಕೊಟ್ಟಿಗೆಯಲ್ಲಿ ಚೆನ್ನಾಗಿ ಒಣಗಿದ ಹಲಸಿನ ಹಲಗೆಗಳಿದ್ದವು. ಮರ ಒಣಗಿರುವುದು ಇಲ್ಲಿ ಬಹಳ ಮುಖ್ಯ: ಹಸಿ ಮರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಗಿಯಾಗಿಯೇ ಇದ್ದಂತೆ ಕಾಣುತ್ತದೆ, ಜನವರಿಯ ಒಣಗಾಳಿಗೆ ಕುಗ್ಗಿ ಕೂಡುಜಾಗಗಳು ಸಡಿಲವಾಗುತ್ತವೆ. ರಬ್ಬರ್ ಮರ ಅಗ್ಗವಾಗಿತ್ತು, ಆದರೆ ಸಂಸ್ಕರಿಸದ ರಬ್ಬರ್ ಮರಕ್ಕೆ ಹುಳು ಬೇಗ ಹತ್ತುತ್ತದೆ. ನಾನು ಕಾಗದದ ಮೇಲೆ ಅಳತೆ ಬರೆದು ಕೊಟ್ಟೆ: ಒಳಗಿನ ಉದ್ದ 52 ಇಂಚು, ಅಗಲ 28 ಇಂಚು, ಕಂಬಿಗಳ ನಡುವೆ ಎಲ್ಲಿಯೂ 6 ಸೆಂ.ಮೀ. ಮೀರಬಾರದು, ಮೂಲೆಗಂಬ ಮೇಲಿನ ಪಟ್ಟಿಗೆ ಸಮವಾಗಿರಬೇಕು, ತಲೆಕಡೆಯ ಹಲಗೆಯಲ್ಲಿ ಹೂಬಳ್ಳಿಯ ಕೊರೆತ ಬೇಡ, ಏಕೆಂದರೆ ಕೊರೆದ ತೂತಿನಲ್ಲಿಯೂ ಕೈಕಾಲು ಸಿಕ್ಕಬಹುದು, ಹಾಸಿಗೆಯನ್ನಿಡುವ ಪಟ್ಟಿಗಳನ್ನು ಎರಡು ಎತ್ತರಗಳಲ್ಲಿ ಕೂರಿಸುವಂತಿರಬೇಕು, ಕೆಳಗಿನ ಮಟ್ಟದಿಂದ ಮೇಲಿನ ಅಂಚಿಗೆ 60 ಸೆಂ.ಮೀ. ಇರಬೇಕು. ಹೂಬಳ್ಳಿ ಬೇಡವೆಂದಾಗ ಆಚಾರ್ಯರಿಗೆ ಬೇಸರವಾಯಿತು. ಅವರ ಕೈಯ ಕಲೆ ಅದರಲ್ಲಿಯೇ ಇರುವುದು. ಆದರೂ 6 ಸೆಂ.ಮೀ. ಅಗಲದ ಮರದ ತುಂಡೊಂದನ್ನು ತಾವೇ ಕತ್ತರಿಸಿ, ಪ್ರತಿ ಸಂದಿಯಲ್ಲಿಯೂ ಅದು ದಾಟದಂತೆ ನೋಡಿಕೊಂಡು ಕಂಬಿ ಕೂರಿಸಿದರು. ಕಂಬಿಗಳಿಗೆ ಮೊಳೆ ಹೊಡೆಯದೆ, ಪಟ್ಟಿಯಲ್ಲಿ ತೂತು ಕೊರೆದು ಅದರೊಳಗೆ ಇಳಿಸಿದ್ದರಿಂದ ಹೊರಗೆ ಮೊನೆ ಕಾಣುವ ಪ್ರಶ್ನೆಯೇ ಬರಲಿಲ್ಲ.

ಅವರು ಒಂದು ವಿಷಯದಲ್ಲಿ ಹಟ ಹಿಡಿದರು: ಗೆದ್ದಲು ಬಾರದಂತೆ ಕಾಲುಗಳಿಗೆ ಗೇರೆಣ್ಣೆ ಹಚ್ಚಬೇಕು ಎಂದು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಎಣ್ಣೆಯನ್ನು ದೋಣಿಗೂ ಮನೆಯ ಮರಮಟ್ಟಿಗೂ ಹಚ್ಚುವುದು ನಮ್ಮಲ್ಲಿ ಹಳೆಯ ರೂಢಿ, ಗುಣವೂ ಇದೆ. ಆದರೆ ಅದು ಚರ್ಮವನ್ನು ಸುಡುತ್ತದೆ, ಬೊಕ್ಕೆ ಏಳಿಸುತ್ತದೆ. ಮಗುವಿನ ಕೈ ತಲುಪುವ ಯಾವ ಭಾಗಕ್ಕೂ ಅದು ಬೇಡ. ಗೆದ್ದಲಿನ ಔಷಧವನ್ನೂ ಹಚ್ಚಿಸಲಿಲ್ಲ. ಗೋಡೆಯಿಂದ ದೂರವಿಟ್ಟು, ವಾರಕ್ಕೊಮ್ಮೆ ಕಾಲುಗಳ ಬುಡ ನೋಡುವುದೇ ಸಾಕೆಂದು ಅವರನ್ನು ಒಪ್ಪಿಸಿದೆ. ಮರಳುಕಾಗದದಲ್ಲಿ ಚೆನ್ನಾಗಿ ಉಜ್ಜಿ, ಸೀಸವಿಲ್ಲವೆಂದು ಡಬ್ಬದ ಮೇಲೆ ಬರೆದಿದ್ದ ಪಾಲಿಶ್ ಮಾತ್ರ ಕೊಡಿಸಿ, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲು ತಾಗದ ಗಾಳಿಯಲ್ಲಿ ಇಡಿಸಿದೆ. ಇದೆಲ್ಲ ಮಳೆಗೆ ಮುಂಚೆ ಮುಗಿಯಬೇಕು. ಮಳೆ ಹಿಡಿದ ಮೇಲೆ ಇಲ್ಲಿ ಪಾಲಿಶ್ ಸರಿಯಾಗಿ ಒಣಗುವುದಿಲ್ಲ.

ಹಾಸಿಗೆಯ ಆಯ್ಕೆಗೆ ನಾನು ಕ್ರಿಬ್‌ಗೆ ಕೊಟ್ಟಷ್ಟೇ ಗಮನ ಕೊಟ್ಟೆ. ಮನೆಯವರ ಮನಸ್ಸು ಬೂರುಗದ ಹತ್ತಿಯ ಮೆತ್ತನೆಯ ಹಾಸಿಗೆಯ ಮೇಲಿತ್ತು. ಮೆತ್ತನೆಯದರಲ್ಲಿ ಮಗುವಿನ ಮುಖ ಹುದುಗಿದರೆ, ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವ ಸ್ಥಿತಿ ಬರುತ್ತದೆ. ತಲೆ ಎತ್ತಿ ತಿರುಗಿಸುವ ಶಕ್ತಿ ಮೊದಲ ತಿಂಗಳುಗಳಲ್ಲಿ ಅದಕ್ಕಿರುವುದಿಲ್ಲ. ಹಾಗಾಗಿ ತೆಂಗಿನ ನಾರಿನ ಗಟ್ಟಿ ಹಾಸಿಗೆಯನ್ನು 4 ಇಂಚು ದಪ್ಪದಲ್ಲಿ, ಕ್ರಿಬ್ ಸಿದ್ಧವಾದ ಮೇಲೆ ಅದರ ಒಳ ಅಳತೆಗೆ ಸರಿಯಾಗಿ ಕತ್ತರಿಸಿ ಮಾಡಿಸಿದೆ. ಅಂಗೈಯಿಂದ ಒತ್ತಿ ಬಿಟ್ಟರೆ ಗುಳಿ ಉಳಿಯಬಾರದು. ಹಾಸಿಗೆಗೂ ಪಕ್ಕಕ್ಕೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಬಾರದು. ಅಡಿಯಲ್ಲಿ ಪ್ಲೈವುಡ್‌ನ ಬದಲು ಮರದ ಪಟ್ಟಿಗಳನ್ನು ಹಾಕಿಸಿದ್ದರಿಂದ ಗಾಳಿಯಾಡಿ, ಮಳೆಗಾಲದಲ್ಲಿಯೂ ಹಾಸಿಗೆಗೆ ಬೂಷ್ಟು ಹಿಡಿಯಲಿಲ್ಲ.

ಅದರ ಮೇಲೆ ಬಿಗಿಯಾಗಿ ಸುತ್ತಿದ ಒಂದು ಬಟ್ಟೆ, ಅಷ್ಟೇ. ತಲೆ ದುಂಡಗಾಗಲೆಂದು ನೆಂಟರು ತಂದ ಸಾಸಿವೆ ದಿಂಬು, ಅಂಗಡಿಯ ಸೆಟ್ಟಿನಲ್ಲಿ ಬಂದ ಎರಡು ಉರುಟು ದಿಂಬುಗಳು, ಕಂಬಿಗೆ ಸುತ್ತ ಕಟ್ಟುವ ಮೆತ್ತೆ, ಗೊಂಬೆಗಳು, ಯಾವುದನ್ನೂ ಒಳಗೆ ಇಡಲಿಲ್ಲ. ಕಂಬಿಗೆ ಕಟ್ಟುವ ಮೆತ್ತೆಯನ್ನು ಅಮೆರಿಕ 2022ರಲ್ಲಿ ಕಾನೂನಿನಿಂದಲೇ ನಿಷೇಧಿಸಿದೆ. ಮಗಳನ್ನು ಪ್ರತಿ ನಿದ್ದೆಗೂ ಅಂಗಾತವಾಗಿಯೇ ಮಲಗಿಸಿದೆವು. ಕೊರಳಿಗೆ ಕಟ್ಟಿದ್ದ ಕಪ್ಪುದಾರವನ್ನು ಅತ್ತೆಯವರೇ ಬಿಚ್ಚಿ ತೆಗೆದರು. ನೆನಪಿಡಬೇಕಾದ ಇನ್ನೊಂದು ಸಂಗತಿಯೆಂದರೆ, ಅಟ್ಟದ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿಟ್ಟ ಹಳೆಯ ಹೊದಿಕೆಗಳನ್ನು ಶಿಶುವಿಗೆ ಬಳಸಬಾರದು. ಆ ಗುಳಿಗೆಯಲ್ಲಿರುವ ನ್ಯಾಫ್ತಲೀನ್‌ನ ಆವಿಯಿಂದ, ಹುಟ್ಟಿನಿಂದ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳ ಕೆಂಪು ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಬರಬಹುದು. ಯಾವ ಮಗುವಿಗೆ ಆ ಕೊರತೆ ಇದೆಯೆಂದು ಹೊರನೋಟಕ್ಕೆ ತಿಳಿಯುವುದಿಲ್ಲ.

ಕ್ರಿಬ್ಬನ್ನು ನಮ್ಮ ಮಂಚದ ಪಕ್ಕದಲ್ಲಿ, ಕೈ ಚಾಚಿದರೆ ಸಿಗುವಂತೆ ಇಟ್ಟೆವು. ಮೊದಲ 6 ತಿಂಗಳಾದರೂ ಮಗು ಹೆತ್ತವರ ಕೋಣೆಯಲ್ಲಿ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗುವುದು ಒಳ್ಳೆಯದೆಂಬ ಸಲಹೆ ರಾತ್ರಿ ಹಾಲೂಡುವ ತಾಯಿಗೂ ಅನುಕೂಲವೇ. ಕಿಟಕಿಯಿಂದ ದೂರವಿಟ್ಟದ್ದು ಎರಚಲಿಗಾಗಿಯಷ್ಟೇ ಅಲ್ಲ, ಪರದೆಯ ಹಗ್ಗ ಮಗುವಿನ ಕೈಗೆ ಸಿಗಬಾರದೆಂದೂ ಹೌದು. ಮಲೇರಿಯಾ, ಡೆಂಗಿಗಳ ಭಯವಿರುವ ಮಂಗಳೂರಿನಲ್ಲಿ ಸೊಳ್ಳೆಪರದೆ ಬೇಕೇಬೇಕು. ಹಾಸಿಗೆಯ ಮೇಲೆ ಮಡಚಿಡುವ ಕೊಡೆಯಂಥ ಪರದೆಯ ಬದಲು, ಕ್ರಿಬ್‌ನ ಹೊರಗಿನಿಂದ ಬಿಗಿಯಾಗಿ ಎಳೆದು ಕಟ್ಟುವ ಪರದೆಯನ್ನು ಹೊಲಿಸಿದೆ. ಸಡಿಲವಾದ ಪರದೆ ಮಗುವಿನ ಮುಖಕ್ಕೆ ಬೀಳುತ್ತದೆ.

ಮಗಳು ಕುಳಿತುಕೊಳ್ಳಲು ಆರಂಭಿಸಿದ ದಿನವೇ ಹಾಸಿಗೆಯನ್ನು ಕೆಳಗಿನ ಮಟ್ಟಕ್ಕೆ ಇಳಿಸಿದೆವು. ಅವಳು ಎದ್ದು ನಿಲ್ಲುವವರೆಗೆ ಕಾಯುವುದು ಸರಿಯಲ್ಲ, ಏಕೆಂದರೆ ಮೊದಲ ಬಾರಿ ನಿಲ್ಲುವುದು ಯಾರೂ ನೋಡದಿರುವಾಗಲೇ ಆಗಬಹುದು. ತಿಂಗಳಿಗೊಮ್ಮೆ ಬೋಲ್ಟುಗಳನ್ನು ಬಿಗಿ ಮಾಡುತ್ತೇವೆ, ಮಳೆಗಾಲ ಮುಗಿದ ಮೇಲಂತೂ ಪ್ರತಿ ಕಂಬಿಯನ್ನೂ ಹಿಡಿದು ಅಲುಗಿಸಿ ನೋಡುತ್ತೇವೆ. ಎತ್ತರ 89 ಸೆಂ.ಮೀ. ತಲುಪಿದರೆ, ಅಥವಾ ಅದಕ್ಕೆ ಮೊದಲೇ ಹತ್ತಲು ಪ್ರಯತ್ನಿಸಿದರೆ, ಅವಳು ನೆಲದ ಹಾಸಿಗೆಗೆ ಬರುತ್ತಾಳೆ. ಆಮೇಲೆ ಕ್ರಿಬ್ ಕಾರ್ಕಳದಲ್ಲಿರುವ ನಾದಿನಿಯ ಮನೆಗೆ ಹೋಗಬೇಕೆಂದು ಮಾತಾಗಿದೆ. ಬಿಡಿಸುವಾಗ ಎಲ್ಲ ಬೋಲ್ಟುಗಳನ್ನು ಒಂದೇ ಚೀಲಕ್ಕೆ ಹಾಕಿ ಚೌಕಟ್ಟಿಗೆ ಕಟ್ಟಿ ಕಳಿಸುತ್ತೇನೆ, ಏಕೆಂದರೆ ಕೈಬದಲಾದ ಕ್ರಿಬ್‌ಗಳಲ್ಲಿ ಕಳೆದುಹೋದ ಒಂದು ಬೋಲ್ಟಿನ ಬದಲಿಗೆ ಹಗ್ಗವೋ ತಂತಿಯೋ ಬಿಗಿದಿರುವುದನ್ನು ನಾನು ನೋಡಿದ್ದೇನೆ. ಹಾಸಿಗೆಯನ್ನು ಮಾತ್ರ ಅವಳು ಹೊಸದಾಗಿ, ಅದೇ ಅಳತೆಗೆ ಮಾಡಿಸಿಕೊಳ್ಳಲಿ ಎಂದು ಈಗಲೇ ಹೇಳಿಟ್ಟಿದ್ದೇನೆ.