ಬಾಡಿಗೆ ಮನೆ ಬಿಡುವಾಗ: ನೋಟೀಸು, ಮೀಟರು, ಬೀಗದಕೈ

ಸಾಮಾನು ಟೆಂಪೋಕ್ಕೆ ಏರಿಸಿದ ದಿನ ಬಾಡಿಗೆ ಕರಾರು ಮುಗಿಯುವುದಿಲ್ಲ. ಬೀಗದಕೈ ಯಜಮಾನರ ಕೈ ಸೇರಿ, ಸೇರಿತೆಂಬುದಕ್ಕೆ ಒಂದು ಚೀಟಿ ನಿಮ್ಮ ಕೈಗೆ ಬಂದ ದಿನ ಮುಗಿಯುತ್ತದೆ. ಈ ಎರಡು ದಿನಗಳ ನಡುವಿನ ಬಾಡಿಗೆ ಯಾರದ್ದು ಎಂಬಲ್ಲಿಂದಲೇ ಅಡ್ವಾನ್ಸಿನ ಜಗಳ ಶುರುವಾಗುವುದು.

ಮೊದಲು ಕರಾರು ಪತ್ರ ತೆಗೆದು ಓದಿ. ಕೇರಳದಲ್ಲಿರುವ ನಮ್ಮ ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ ಎಷ್ಟೋ ಕರಾರುಗಳು ಮಲಯಾಳದಲ್ಲಿರುತ್ತವೆ. ಮಾತು ಬಂದರೂ ಲಿಪಿ ಬಾರದವರು ಗೊತ್ತಿದ್ದವರಿಂದ ಸಾಲು ಸಾಲಾಗಿ ಓದಿಸಿಕೊಳ್ಳಬೇಕು. ಹುಡುಕಬೇಕಾದದ್ದು ನಾಲ್ಕು ಸಂಗತಿ: ಎಷ್ಟು ದಿನದ ನೋಟೀಸು, ಇಷ್ಟು ತಿಂಗಳು ಬಿಡುವಂತಿಲ್ಲ ಎಂಬ ಷರತ್ತು ಇದೆಯೇ, ಪೈಂಟಿನ ಖರ್ಚು ಯಾರದು, ಅಡ್ವಾನ್ಸ್ ಯಾವಾಗ ವಾಪಸು. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕು. ಅದನ್ನು ತಪ್ಪಿಸಲೆಂದೇ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ, ಆಮೇಲೆ ನವೀಕರಿಸಲು ಮರೆಯುತ್ತಾರೆ. ಅವಧಿ ಮುಗಿದ ಮೇಲೂ ನೀವು ಬಾಡಿಗೆ ಕೊಟ್ಟು ಅವರು ತೆಗೆದುಕೊಳ್ಳುತ್ತಾ ಇದ್ದರೆ ಅದು ತಿಂಗಳು ತಿಂಗಳಿನ ಬಾಡಿಗೆಯಾಗಿ ಮುಂದುವರಿಯುತ್ತದೆ. ಬೇರೆ ಮಾತು ಆಗಿರದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯಿದೆಯ 106ನೇ ಸೆಕ್ಷನಿನ ಪ್ರಕಾರ 15 ದಿನಗಳ ನೋಟೀಸು ಸಾಕು. ಕರಾರಿನಲ್ಲಿ ಒಂದು ತಿಂಗಳು ಎಂದಿದ್ದರೆ ಒಂದು ತಿಂಗಳೇ.

ಇಲ್ಲಿ ಹಲವರು ಎಡವುವುದು ಲೆಕ್ಕದಲ್ಲಿ. ದಿನ ಎಣಿಸುವುದು ನೀವು ಬರೆದ ತಾರೀಕಿನಿಂದಲ್ಲ, ಅವರಿಗೆ ಮುಟ್ಟಿದ ತಾರೀಕಿನಿಂದ. ಆದ್ದರಿಂದ ಐದಾರು ದಿನ ಹೆಚ್ಚಿಗೆ ಇಟ್ಟುಕೊಂಡೇ ಕಳಿಸಿ. ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮನೆ ಬದಲಿಸಬಾರದು ಎನ್ನುವವರು ಮೇ ತಿಂಗಳಲ್ಲೇ ನೋಟೀಸು ಕೊಡುವುದು ಒಳ್ಳೆಯದು. ಇಲ್ಲದಿದ್ದರೆ ನಂಬಿಕೆಗಾಗಿ ಒಂದು ತಿಂಗಳ ಬಾಡಿಗೆ ಹೆಚ್ಚು ಬೀಳುತ್ತದೆ.

ನೋಟೀಸು ಯಾರಿಗೆ? ಯಜಮಾನರು ಗಲ್ಫಿನಲ್ಲಿ, ಬಾಡಿಗೆ ವಸೂಲಿಗೆ ಅವರ ತಮ್ಮ ಅಥವಾ ಭಾವ. ಇದು ನಮ್ಮಲ್ಲಿ ಮಾಮೂಲು. ಕರಾರಿಗೆ ಸಹಿ ಹಾಕಿದವರ ಹೆಸರಿಗೇ ನೋಟೀಸು ಹೋಗಬೇಕು. ಊರಿನ ಮನೆ ವಿಳಾಸಕ್ಕೆ ಕಳಿಸಿ, ವಸೂಲಿ ಮಾಡುವವರಿಗೆ ಒಂದು ಪ್ರತಿ ಕೊಡಿ, ಅದರ ಫೋಟೋವನ್ನು ಯಜಮಾನರಿಗೆ ವಾಟ್ಸಾಪ್ ಮಾಡಿ. ಬರೀ ವಾಟ್ಸಾಪನ್ನು ನೆಚ್ಚಬೇಡಿ: ಕಾಯಿದೆ ಕೇಳುವುದು ಸಹಿ ಮಾಡಿದ ಬರಹ, ಅದೂ ಅಂಚೆಯಲ್ಲಿ ಇಲ್ಲವೇ ಕೈಯಲ್ಲಿ ಕೊಟ್ಟದ್ದು. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಕೌಂಟರಿನಲ್ಲಿ ಸ್ಪೀಡ್ ಪೋಸ್ಟಿಗೆ ರಿಜಿಸ್ಟ್ರೇಶನ್ ಸೇರಿಸಿ ಎಂದು ಕೇಳಿ, ರಶೀದಿಯನ್ನು ಕರಾರಿನ ಜೊತೆ ಪಿನ್ ಮಾಡಿಡಿ. ಕೈಯಲ್ಲೇ ಕೊಡುವುದಾದರೆ ನಿಮ್ಮ ಪ್ರತಿಯ ಮೇಲೆ "ಸಿಕ್ಕಿದೆ" ಎಂದು ತಾರೀಕು ಸಮೇತ ಸಹಿ ಹಾಕಿಸಿಕೊಳ್ಳಿ. ಯಜಮಾನರಿಗೆ ಕನ್ನಡ ಓದಲು ಬಾರದಿದ್ದರೆ ಕೆಳಗೆ ಮಲಯಾಳ ಅಥವಾ ಇಂಗ್ಲಿಷಿನಲ್ಲೂ ಬರೆಯಿರಿ. ಅರ್ಥವಾಗಲಿಲ್ಲ ಎಂಬ ಮಾತಿಗೆ ದಾರಿ ಇರಬಾರದು.

ಬರಹ ಇಷ್ಟೇ ಸಾಕು:

"ದಿನಾಂಕ … ರ ಕರಾರಿನಂತೆ ನಾನು ಬಾಡಿಗೆಗಿರುವ ತಮ್ಮ … ನಂಬ್ರದ ಮನೆಯನ್ನು … ರಂದು ಖಾಲಿ ಮಾಡಿ ಬೀಗದಕೈ ಒಪ್ಪಿಸುತ್ತೇನೆ. ಆ ದಿನ ತಾವಾಗಲಿ ತಮ್ಮ ಪರವಾಗಿ ಯಾರಾದರಾಗಲಿ ಬಂದು ಮನೆ ನೋಡಿ, ಬಾಕಿ ಕಳೆದು, ನಾನು ಕೊಟ್ಟ … ರೂಪಾಯಿ ಅಡ್ವಾನ್ಸಿನ ಉಳಿಕೆಯನ್ನು ಹಿಂತಿರುಗಿಸಬೇಕಾಗಿ ವಿನಂತಿ."

ಬಿಡುವ ಕಾರಣ ಬರೆಯುವ ಅಗತ್ಯವಿಲ್ಲ. ಬರೆದರೆ ಚರ್ಚೆಗೆ ಎಡೆಯಾಗುತ್ತದೆ, ಅಷ್ಟೇ.

ಬಿಡುವಂತಿಲ್ಲ ಎಂದು ಹೇಳಿದ ಅವಧಿಯ ಒಳಗೇ ಹೋಗಬೇಕಾಗಿ ಬಂದರೆ ನೋಟೀಸಿಗಿಂತ ಮೊದಲು ಮಾತಾಡಿ. ಇಬ್ಬರೂ ಒಪ್ಪಿದರೆ ಕರಾರನ್ನು ಯಾವತ್ತೂ ಮುಗಿಸಬಹುದು. ಒಪ್ಪಿದ್ದನ್ನು ಕರಾರಿನ ಬೆನ್ನಿಗೇ ಬರೆದು ಇಬ್ಬರೂ ಸಹಿ ಹಾಕಿ.

ಕೊನೆಯ ಎರಡು ತಿಂಗಳ ಬಾಡಿಗೆಯನ್ನು "ಅಡ್ವಾನ್ಸಿನಲ್ಲಿ ಕಳೆದುಕೊಳ್ಳಿ" ಎಂದು ನಿಲ್ಲಿಸುವ ಅಭ್ಯಾಸವಿದೆ. ಯಜಮಾನರು ಬರೆದು ಒಪ್ಪದ ಹೊರತು ಹಾಗೆ ಮಾಡಬೇಡಿ. ಬಾಡಿಗೆ ಬಾಕಿ ಇರುವವರ ದೂರಿಗೆ ಬೆಲೆ ಕಡಿಮೆ.

ಕರಂಟು ಬಿಲ್ಲಿನಲ್ಲಿ ಸ್ವಲ್ಪ ಎಚ್ಚರ ಬೇಕು. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿ ಮನೆಗಳಿಗೆ ಎರಡು ತಿಂಗಳಿಗೊಮ್ಮೆ ಬಿಲ್ಲು ಕೊಡುವುದರಿಂದ ನೀವು ಬಿಡುವ ದಿನಕ್ಕೂ ಬಿಲ್ಲಿನ ದಿನಕ್ಕೂ ಹೊಂದಿಕೆಯಾಗುವುದು ಅಪರೂಪ. ಆಮೇಲೆ ಬಂದ ಬಿಲ್ಲನ್ನು ದಿನದ ಲೆಕ್ಕದಲ್ಲಿ ಪಾಲು ಮಾಡಿದರೆ ನಿಮಗೆ ನಷ್ಟವಾದೀತು: ತಿಂಗಳಿಗೆ 250 ಯೂನಿಟ್ ದಾಟಿದರೆ ಮೊದಲ ಯೂನಿಟಿನಿಂದಲೇ ಮೇಲಿನ ದರ ಬೀಳುತ್ತದೆ. ಹೊಸಬರು ಎರಡು ಎಸಿ ಓಡಿಸಿದರೆ ನಿಮ್ಮ ಯೂನಿಟುಗಳೂ ದುಬಾರಿ. ಹಾಗಾಗಿ ಬಿಡುವ ದಿನ ಮೀಟರಿನ ಕೆಡಬ್ಲ್ಯೂಎಚ್ (kWh, ಅಂದರೆ ಯೂನಿಟ್) ಅಂಕೆ ಕಾಣುವ ಹಾಗೆ ಫೋಟೋ ತೆಗೆಯಿರಿ. ಪರದೆ ತಾನಾಗಿ ಬದಲಾಗುತ್ತಾ ಇರುತ್ತದೆ. ತಾರೀಕು, ವೋಲ್ಟೇಜು ದಾಟಿ ಆ ಅಂಕೆ ಬರುವವರೆಗೆ ಕಾಯಿರಿ. ಹಿಂದಿನ ಬಿಲ್ಲಿನ ಅಂಕೆ ಕಳೆದು, ಕೆಎಸ್‌ಇಬಿ ವೆಬ್‌ಸೈಟಿನ ಬಿಲ್ ಲೆಕ್ಕದ ಪುಟದಲ್ಲಿ ಮೊತ್ತ ನೋಡಿ ಅಲ್ಲೇ ಇತ್ಯರ್ಥ ಮಾಡಿ.

ನೀರಿನ ಬಿಲ್ಲು ಇದ್ದರೆ ಅದೂ ಹಾಗೆಯೇ. ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮಸೇನೆಯ ಬಾಕಿ ಕೊಟ್ಟು ಪ್ಲಾಸ್ಟಿಕ್ ಒಪ್ಪಿಸಿ. ಹಿತ್ತಲಲ್ಲಿ ಚೀಲ ಬಿಟ್ಟು ಹೋದರೆ ಅದೂ ಅಡ್ವಾನ್ಸಿಗೇ ಬರುತ್ತದೆ.

ಮನೆಯ ಸ್ಥಿತಿ. ಬಳಕೆಯಿಂದ ಸಹಜವಾಗಿ ಆಗುವ ಸವಕಳಿಗೆ ಬಾಡಿಗೆದಾರ ಹೊಣೆಯಲ್ಲ ಎಂದು ಅದೇ ಕಾಯಿದೆ 108ನೇ ಸೆಕ್ಷನಿನಲ್ಲಿ ಹೇಳುತ್ತದೆ. ಮಳೆಗಾಲದ ತೇವಕ್ಕೆ ಗೋಡೆಯ ಪೈಂಟು ಉದುರಿದ್ದು, ಮಾಡು ಸೋರಿ ಕಲೆ ಬಿದ್ದದ್ದು ನಿಮ್ಮ ಖರ್ಚಲ್ಲ. ಒಡೆದ ವಾಶ್‌ಬೇಸಿನ್, ಗೋಡೆಗೆ ಹೊಡೆದ ಮೊಳೆಯ ತೂತು, ಮಕ್ಕಳ ಕ್ರೆಯಾನು ಗೀಟು ನಿಮ್ಮದು. ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ಕೊಟ್ಟರೆ ಮಾತೇ ಇಲ್ಲ. ಸೋರುವ ಜಾಗಗಳ ಫೋಟೋವನ್ನು ಸೋರುವಾಗಲೇ ಕಳಿಸಿದ್ದರೆ ಈಗ ಬಲ. ನೀವು ಹಾಕಿಸಿದ ಗೀಸರು, ಫ್ಯಾನು ಇದ್ದರೆ ಬೀಗದಕೈ ಕೊಡುವ ಮೊದಲೇ ಬಿಚ್ಚಿ, ತೂತು ಮುಚ್ಚಿ. ಕೊಟ್ಟ ಮೇಲೆ ಆ ಹಕ್ಕು ಉಳಿಯುವುದಿಲ್ಲ.

ಕೊನೆಯ ದಿನ ಹಗಲಿಗೇ ಕರೆಯಿರಿ. ಖಾಲಿ ಕೋಣೆಗಳ ವಿಡಿಯೋ ಮಾಡಿ, ನಲ್ಲಿ, ಸ್ವಿಚ್ಚು ಅವರ ಎದುರೇ ಹಾಕಿ ತೋರಿಸಿ, ಆಮೇಲೆ ಎರಡು ಪ್ರತಿ ಚೀಟಿ: ತಾರೀಕು, ಗಂಟೆ, ಎಷ್ಟು ಬೀಗದಕೈ, ಮೀಟರ್ ಅಂಕೆ, ಲೆಕ್ಕ. ಉದಾಹರಣೆಗೆ ಅಡ್ವಾನ್ಸ್ 30,000; 10 ದಿನದ ಬಾಡಿಗೆ 2,000; ಕರಂಟು 740; ವಾಪಸು 27,260. ಹಣ ಬ್ಯಾಂಕಿಗೇ ಬರಲಿ. "ಮುಂದಿನ ವಾರ ಕೊಡುತ್ತೇನೆ" ಎಂದರೆ ಮೊತ್ತವನ್ನೂ ತಾರೀಕನ್ನೂ ಅದೇ ಚೀಟಿಯಲ್ಲಿ ಬರೆಸಿ. ಹಣ ಬರುವವರೆಗೆ ಬೀಗದಕೈ ಕೊಡುವುದಿಲ್ಲ ಎಂದು ಹಟ ಹಿಡಿಯುವವರಿದ್ದಾರೆ. ಅಷ್ಟು ದಿನದ ಬಾಡಿಗೆ ಏರುತ್ತಾ ಹೋಗುತ್ತದೆ ಎಂಬುದು ನೆನಪಿರಲಿ. ಬೀಗದಕೈ ತೆಗೆದುಕೊಳ್ಳಲು ಅವರೇ ಬಾರದಿದ್ದರೆ ಅಂಚೆಯಲ್ಲಿ ಪತ್ರ ಸಮೇತ ಕಳಿಸಿ.

ಹಣ ಬರಲೇ ಇಲ್ಲವೇ? ಮೊದಲು 15 ದಿನದ ಗಡುವಿನ ಪತ್ರ. ಬಳಿಕ ಕಾಸರಗೋಡು ವಿದ್ಯಾನಗರದ ಕೋರ್ಟು ಸಂಕೀರ್ಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ. ಕೋರ್ಟು ಫೀ ಇಲ್ಲ. ಅವರು ನಡೆಸುವ ಲೋಕ ಅದಾಲತಿನಲ್ಲಿ ರಾಜಿಯಾದರೆ ಅದಕ್ಕೆ ಕೋರ್ಟಿನ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಅಲ್ಲೂ ಆಗದಿದ್ದರೆ ಸಿವಿಲ್ ದಾವೆ, ಮೂರು ವರ್ಷದ ಒಳಗೆ. ಇದಕ್ಕೆಲ್ಲ ಸಾಕ್ಷಿ ಆ ಚೀಟಿ, ಅಂಚೆ ರಶೀದಿ, ಅಡ್ವಾನ್ಸ್ ಕೊಟ್ಟ ಬ್ಯಾಂಕ್ ದಾಖಲೆ.

ಉಳಿದದ್ದು ವಿಳಾಸ. ಗ್ಯಾಸಿನವರಿಗೆ ಮೊದಲು ಹೇಳಿ, ಇಲ್ಲದಿದ್ದರೆ ಸಿಲಿಂಡರು ಹಳೆ ಮನೆಯ ಜಗುಲಿಗೆ ಹೋಗಿ ಕೂರುತ್ತದೆ. ವೋಟರ್ ಪಟ್ಟಿಗೆ ಫಾರ್ಮ್ 8.