28 ಹನಿ

ನಾನು ಕೋಲಾರದ ಒಂದು ಗೊಬ್ಬರದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಡ್ರಿಪ್ ಪೈಪು, ಟೊಮ್ಯಾಟೊ ತೋಟಕ್ಕೆ ಬಿಡುವ ಗೊಬ್ಬರ, ಔಷಧಿ, ದಿನವಿಡೀ ಇದೇ ಮಾತು. ಸಂಜೆ ಮನೆಗೆ ಬಂದರೆ ಎರಡಡಿ ಉದ್ದದ ಗಾಜಿನ ತೊಟ್ಟಿಯ ಮುಂದೆ ಕೂರುತ್ತೇನೆ. ಅದರಲ್ಲಿ ಮೀನು ಕಡಿಮೆ, ಗಿಡ ಜಾಸ್ತಿ. ಅಪ್ಪ ಅದಕ್ಕೆ ಇಟ್ಟ ಹೆಸರು ‘ಕಳೆ ತೊಟ್ಟಿ’. ಮೂರು ಬೋರ್ ಕೊರೆಸಿ ಎರಡು ಫೇಲಾಗಿದ್ದನ್ನು ಕಂಡವರು ಅವರು. ಮಗ ದುಡ್ಡು ಕೊಟ್ಟು ನೀರೊಳಗೆ ಕಳೆ ಬೆಳೆಸುತ್ತಾನೆ ಅಂದರೆ ಇನ್ನೇನು ಅಂದಾರು?

ಜನವರಿ ಮೊದಲ ವಾರದಲ್ಲಿ ಇಂಥ ತೊಟ್ಟಿ ಇಟ್ಟುಕೊಂಡವರ ಎರಡು ದಿನದ ಕೂಟ ನಮ್ಮೂರಲ್ಲೇ ಆಯಿತು. ಧನುರ್ಮಾಸ, ಮದುವೆ ಇರಲ್ಲ. ಹಾಗಾಗಿ ಊರ ಹೊರಗಿನ ಕಲ್ಯಾಣ ಮಂಟಪ ಅಗ್ಗಕ್ಕೆ ಸಿಕ್ಕಿತ್ತು. ಬೆಂಗಳೂರಿನವರೇ ಹೆಚ್ಚು. ಚಿಂತಾಮಣಿ, ಕೆಜಿಎಫ್, ತುಮಕೂರಿನಿಂದಲೂ ಕೆಲವರು ಬಂದಿದ್ದರು. ಗಂಡು ಹೆಣ್ಣು ಕೂರುವ ಜಾಗದಲ್ಲಿ ನಾಲ್ಕಡಿ ತೊಟ್ಟಿ ಇಟ್ಟು, ಮೇಲೆ ದೀಪ ಹಚ್ಚಿದ್ದರು. ಮಂಟಪ ಕಾಯುವವರು ಎರಡು ಸಲ ಬಂದು ‘ಮುಹೂರ್ತ ಎಷ್ಟೊತ್ತಿಗೆ?’ ಅಂತ ತಮಾಷೆ ಮಾಡಿದರು.

ಬರುವವರೆಲ್ಲ ಅವರವರ ಮನೆಯ ನೀರನ್ನು ಒಂದು ಲೀಟರ್ ಬಾಟಲಿಯಲ್ಲಿ ತರಬೇಕು ಅಂತ ಮೊದಲೇ ಹೇಳಿದ್ದರು. ನಾನು ತರದೇ ಇರೋಣ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ನಾಚಿಕೆ. 2018ರಿಂದ ಕೆ.ಸಿ. ವ್ಯಾಲಿ ನೀರು ಬರಲು ಶುರುವಾಗಿ ನಮ್ಮ ಕೆರೆಗಳು ತುಂಬಿವೆ. ಅದು ಬೆಂಗಳೂರು ಬಳಸಿ, ಶುದ್ಧ ಮಾಡಿ ಕಳಿಸುವ ನೀರು. ಮನೆಯ ನಲ್ಲಿಯಲ್ಲಿ ಬರೋದು ಮಾತ್ರ ಬೋರ್‌ವೆಲ್ ನೀರೇ. ಬಕೆಟ್ಟಿನ ಅಂಚಿಗೆ ಬಿಳಿ ಪದರ, ಗೀಸರ್ ಕಾಯಿಲ್ ಮೇಲೆ ಸುಣ್ಣದ ಗಟ್ಟಿ, ಸೋಪು ಎಷ್ಟು ಉಜ್ಜಿದರೂ ನೊರೆಯಿಲ್ಲ. ಕೊನೆಗೆ ಅಮ್ಮನೇ ಒಂದು ಹಳೇ ಜ್ಯೂಸ್ ಬಾಟಲಿಗೆ ತುಂಬಿಸಿ ಕೊಟ್ಟರು.

ಊಟದ ಹಾಲ್‌ನಲ್ಲಿ, ಕೈ ತೊಳೆಯುವ ಜಾಗದ ಪಕ್ಕ, ನೀರು ಪರೀಕ್ಷೆಯ ಮೇಜು. ಗಾಜಿನ ಕೊಳವೆಯಲ್ಲಿ 5 ಮಿಲಿ ನೀರು ಹಾಕಿ, ಒಂದೊಂದೇ ಹನಿ ದ್ರವ ಬಿಟ್ಟು ಅಲ್ಲಾಡಿಸಬೇಕು. ಕಿತ್ತಳೆ ಬಣ್ಣ ಹಸಿರಾಗುವ ತನಕ ಎಷ್ಟು ಹನಿಯೋ ಅಷ್ಟು ಡಿಗ್ರಿ ಗಡಸುತನ. ಕಾವೇರಿ ನೀರು ತಂದಿದ್ದ ಬೆಂಗಳೂರಿನವರದು 7 ಹನಿಗೆ ಹಸಿರಾಯಿತು. ನನ್ನದು ಹತ್ತಾಯಿತು, ಹದಿನೈದಾಯಿತು, ಇನ್ನೂ ಕಿತ್ತಳೆ. ಇಪ್ಪತ್ತು ದಾಟಿದ ಮೇಲೆ ಸುತ್ತ ಜನ ಸೇರಿ ಜೋರಾಗಿ ಎಣಿಸತೊಡಗಿದರು. 28ಕ್ಕೆ ಹಸಿರಾಯಿತು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಒಂದು ಡಿಗ್ರಿ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 17.9 ಮಿಲಿಗ್ರಾಂ. ಲೆಕ್ಕ ಹಾಕಿದರೆ 500. ಕುಡಿಯುವ ನೀರಿಗೆ 200ರೊಳಗೆ ಇದ್ದರೆ ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 600ರವರೆಗೆ ಪರವಾಗಿಲ್ಲ ಅನ್ನುತ್ತದೆ ನಮ್ಮ ಭಾರತೀಯ ಮಾನಕ.

ಆಮೇಲೆ ಕೆಎಚ್ ನೋಡಿದರು. ನೀರಿನಲ್ಲಿರುವ ಬೈಕಾರ್ಬೊನೇಟ್ ಅಳತೆ ಅದು. 18 ಬಂತು. ಮೇಜಿನ ಹಿಂದಿದ್ದ ಹುಡುಗ ತಲೆಯೆತ್ತಿ, ‘ಅಣ್ಣ, ನಿಮ್ಮ ತೊಟ್ಟಿಗೆ ಗ್ಯಾಸ್ ಬಿಡ್ತೀರಾ?’ ಅಂತ ಕೇಳಿದ. ಬಿಡ್ತೀನಿ ಅಂದೆ. ‘ಡ್ರಾಪ್ ಚೆಕರ್‌ಗೆ ಏನು ತುಂಬಿಸ್ತೀರಾ?’

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನೀರೊಳಗಿನ ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಬೇಕು. ನಾನು ಎರಡು ಪ್ಲಾಸ್ಟಿಕ್ ಬಾಟಲಿಯಲ್ಲಿ ಸಿಟ್ರಿಕ್ ಆಸಿಡ್ ಮತ್ತು ಅಡುಗೆ ಸೋಡಾ ಹಾಕಿ, ಅದರಿಂದ ಬರುವ ಗ್ಯಾಸನ್ನು ಸಣ್ಣ ಪೈಪಿನಲ್ಲಿ ತೊಟ್ಟಿಗೆ ಬಿಡುತ್ತಿದ್ದೆ. ಗ್ಯಾಸ್ ಸರಿಯಾಗಿದೆಯಾ ಅಂತ ತಿಳಿಯಲು ತೊಟ್ಟಿಯೊಳಗೆ ಒಂದು ಪುಟ್ಟ ಗಾಜಿನ ಬುರುಡೆ ಅಂಟಿಸುತ್ತಾರೆ. ಅದೇ ಡ್ರಾಪ್ ಚೆಕರ್. ಒಳಗಿನ ದ್ರವ ನೀಲಿಯಿದ್ದರೆ ಗ್ಯಾಸ್ ಸಾಲದು, ಹಸಿರಾದರೆ ಸರಿ, ಹಳದಿಯಾದರೆ ಅತಿಯಾಯಿತು. ನಾನು ಆ ಬುರುಡೆಗೆ ನನ್ನ ತೊಟ್ಟಿಯ ನೀರನ್ನೇ ತುಂಬಿ ಬಣ್ಣದ ಹನಿ ಹಾಕಿದ್ದೆ. ಅದು ಹಸಿರಾಗಲೇ ಇಲ್ಲ. ಗ್ಯಾಸ್ ಏರಿಸಿದೆ. ಇನ್ನೂ ಏರಿಸಿದೆ. ಕಳೆದ ದಸರಾ ಸಮಯದಲ್ಲಿ ಒಂದು ಸಂಜೆ ಅಂಗಡಿಯಿಂದ ಬಂದು ನೋಡಿದರೆ ನಿಯಾನ್ ಟೆಟ್ರಾ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅರ್ಧ ನೀರು ಬದಲಿಸುವಷ್ಟರಲ್ಲಿ ಒಂಬತ್ತು ಸತ್ತವು. ಬುರುಡೆ ಆಗಲೂ ಪೂರ್ತಿ ಹಸಿರಾಗಿರಲಿಲ್ಲ.

ಆ ಹುಡುಗ ಇಡ್ಲಿ ತಟ್ಟೆಯ ಕಾಗದ ಹರಿದು ಅದರ ಹಿಂದೆ ಲೆಕ್ಕ ಬರೆದ. ಬುರುಡೆಯಲ್ಲಿ 4 ಡಿಗ್ರಿ ಕೆಎಚ್ ಇರುವ, ಅದಕ್ಕೆಂದೇ ತಯಾರಿಸಿದ ದ್ರವ ಇರಬೇಕು. ಆಗ ಗ್ಯಾಸ್ 30 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ತಲುಪಿದಾಗ ಪಿಎಚ್ (ಇಳಿದಷ್ಟೂ ನೀರು ಹುಳಿ) 6.6ಕ್ಕೆ ಇಳಿದು ಹಸಿರು ಕಾಣುತ್ತದೆ. ಕೆಎಚ್ 18 ಇರುವ ನೀರಿನ ಪಿಎಚ್ ಅಷ್ಟು ಸುಲಭಕ್ಕೆ ಇಳಿಯಲ್ಲ. ಅದೇ ಹಸಿರು ಬರಬೇಕಾದರೆ 130ಕ್ಕಿಂತ ಹೆಚ್ಚು ಪಿಪಿಎಂ ಗ್ಯಾಸ್ ಬೇಕು. ‘ಬಣ್ಣ ಬರೋ ಮುಂಚೆ ಮೀನು ಹೋಗ್ತವೆ ಅಣ್ಣ’ ಅಂದ. ಅಂಗಡಿಯ ಔಷಧಿಯ ವಾಸನೆಯಿದ್ದ ನನ್ನ ಕೈಯಿಂದಲೇ ಮೀನು ಸತ್ತವೇನೋ ಅಂತ ಮೂರು ತಿಂಗಳಿಂದ ಅನುಮಾನಿಸುತ್ತಿದ್ದೆ. ಆ ಕಾಗದ ಈಗಲೂ ನನ್ನ ಪರ್ಸಿನಲ್ಲಿದೆ.

ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು. ಆಮೇಲೆ ವೇದಿಕೆಯ ತೊಟ್ಟಿಯಲ್ಲಿ ಕಲ್ಲು ಜೋಡಿಸಿ ತೋರಿಸಿದರು. ಜಪಾನಿನ ತಕಾಶಿ ಅಮಾನೊ ಬೆಳೆಸಿದ ಪದ್ಧತಿ ಇದು. ಮೊದಲು ಸೈಕಲ್ ರೇಸ್ ಓಡಿಸುತ್ತಿದ್ದು, ಆಮೇಲೆ ಕಾಡಿನ ಫೋಟೊ ತೆಗೆಯುತ್ತ, ಆ ಕಾಡನ್ನೇ ಗಾಜಿನೊಳಗೆ ತಂದವರು. 2015ರಲ್ಲಿ ತೀರಿಕೊಂಡರು. ಅವರ ಶೈಲಿಯಲ್ಲಿ ಕಲ್ಲುಗಳು ಬೆಸ ಸಂಖ್ಯೆಯಲ್ಲಿರಬೇಕು, ದೊಡ್ಡದು ಒಂದು, ಉಳಿದವು ಅದಕ್ಕೆ ಬಾಗಿ ನಿಲ್ಲಬೇಕು. ಚೆನ್ನಾಗಿಯೇ ಇತ್ತು. ಆದರೆ ಅದಕ್ಕೆ ತಂದಿದ್ದ ಬೂದು ಕಲ್ಲು ಕಿಲೋ ಲೆಕ್ಕದಲ್ಲಿ ಮಾರಾಟ, ಅದೂ ಸುಣ್ಣ ಬಿಡುವ ಜಾತಿ. 28 ಹನಿಯವನಿಗೆ ಅದನ್ನು ಕೊಳ್ಳುವ ಕರ್ಮ ಯಾಕೆ? ನಮ್ಮ ಸುತ್ತ ಇರುವುದು ಹೆಚ್ಚಾಗಿ ಗಟ್ಟಿ ಬಂಡೆ, ತೊಟ್ಟಿಯ ನೀರಿಗೆ ಸುಣ್ಣ ಬಿಡಲ್ಲ. ಅನುಮಾನ ಇದ್ದರೆ ಕಲ್ಲಿನ ಮೇಲೆ ವಿನೆಗರ್ ಹಾಕಿ ನೋಡಿ. ಗುಳ್ಳೆ ಬಂದರೆ ಸುಣ್ಣ.

ಗೊಬ್ಬರದ ಮಾತು ಬಂದಾಗ ನನಗೆ ಸ್ವಲ್ಪ ಧೈರ್ಯ ಬಂತು. ಅಕ್ವೇರಿಯಂ ಗಿಡಕ್ಕೆ ಅಂತ ಪುಟ್ಟ ಬಾಟಲಿಗಳನ್ನು ನೂರಾರು ರೂಪಾಯಿಗೆ ಕೊಳ್ಳುತ್ತಿದ್ದರು. ಹಿಂದಿನ ಲೇಬಲ್ ಓದಿದರೆ ಪೊಟ್ಯಾಷಿಯಂ ನೈಟ್ರೇಟ್. ನಮ್ಮ ಅಂಗಡಿಯಲ್ಲಿ ರೈತರು ‘ಹದಿಮೂರು ಸೊನ್ನೆ ನಲವತ್ತೈದು’ ಅಂತ ಕೇಳಿ ಒಯ್ಯುವುದೂ ಅದೇ. 70 ಲೀಟರ್ ತೊಟ್ಟಿಗೆ 10 ಪಿಪಿಎಂ ನೈಟ್ರೇಟ್ ಬೇಕೆಂದರೆ ಒಂದು ಗ್ರಾಂ ಚಿಲ್ಲರೆ ಸಾಕು. ಒಂದು ಕಿಲೋ ಪಾಕೆಟ್ ವರ್ಷಗಟ್ಟಲೆ ಬರುತ್ತದೆ. ಇದನ್ನು ಹೇಳಿದ್ದೇ ತಡ, ಸಂಜೆ ಆರು ಜನ ಅಂಗಡಿಗೇ ಬಂದರು. ‘ಎಷ್ಟು ಎಕರೆ ಸಾರ್?’ ಅಂದರು ನಮ್ಮ ಯಜಮಾನರು. ‘ಎರಡಡಿ’ ಅಂತ ಉತ್ತರ.

ಭಾನುವಾರ ಬೆಳಗ್ಗೆ ಹೊರಗಿನವರನ್ನು ಅಂತರಗಂಗೆ ಬೆಟ್ಟಕ್ಕೆ ಕರೆದುಕೊಂಡು ಹೋದೆ. ನೀರ ಮೇಲೆ ತೇಲುವ ಗಿಡಕ್ಕೂ ಅಂತರಗಂಗೆ ಅಂತಲೇ ಹೆಸರು, ಅಲ್ವಾ? ಆ ಗಿಡ ಇಲ್ಲಿದೆಯಾ ಅಂತ ಒಬ್ಬರು ಮೆಟ್ಟಿಲುದ್ದಕ್ಕೂ ಹುಡುಕಿದರು. ಕಲ್ಲಿನ ಬಸವನ ಬಾಯಿಂದ ನೀರು ಬೀಳುವ ಕಡೆ ಇನ್ನೊಬ್ಬರು ಜೇಬಿನಿಂದ, ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ತೆಗೆದು ಚಾಚಿದರು. ತಂಬಿಗೆ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು, ‘ಏನಪ್ಪಾ, ಗಂಗಮ್ಮನಿಗೇ ಜ್ವರ ನೋಡ್ತೀಯಾ?’ ಅಂತ ಗದರಿದರು. ಮೀಟರ್ ವಾಪಸ್ ಜೇಬಿಗೆ ಹೋಯಿತು.

ಮಧ್ಯಾಹ್ನ ಹರಾಜು. ಬೋರ್ನಿಯೋದ ಬ್ಯೂಸೆಫಲಾಂಡ್ರಾ ಗಿಡದ ತುಂಡು, ಹೆಬ್ಬೆರಳಿನಷ್ಟು, ನೂರು ರೂಪಾಯಿಗೆ ಶುರುವಾಗಿ ಆರುನೂರೈವತ್ತಕ್ಕೆ ಹೋಯಿತು. ನಾನು ಒಯ್ದಿದ್ದು ವ್ಯಾಲಿಸ್ನೇರಿಯಾ. ಉದ್ದ ರಿಬ್ಬನ್ನಿನಂಥ ಎಲೆ, ನನ್ನ ತೊಟ್ಟಿಯಲ್ಲಿ ಹುಲ್ಲಿನ ಹಾಗೆ ಹಬ್ಬುತ್ತದೆ. (‘ಕೆ.ಸಿ. ವ್ಯಾಲಿ ಗೊತ್ತು, ಇದ್ಯಾವ ವ್ಯಾಲಿ?’ ಅಂದಿದ್ದರು ಅಪ್ಪ.) ಕಟ್ಟಿಗೆ 20 ರೂಪಾಯಿ ಬರೆದು ಮೂಲೆಯಲ್ಲಿಟ್ಟಿದ್ದೆ. ಅರ್ಧ ಗಂಟೆಯಲ್ಲಿ ಖಾಲಿ. 7 ಹನಿಯವರು ಬಂದು ಎಲೆಯನ್ನು ಬೆರಳಲ್ಲಿ ಸವರಿ, ನನ್ನ ಮನೇಲಿ ಇದು ಇಷ್ಟು ದಪ್ಪ ಬರೋದೇ ಇಲ್ಲ ಅಂದರು. ಕಾರಣ ಆ ಹುಡುಗನಿಗೆ ಗೊತ್ತಿತ್ತು. ಈ ಗಿಡ ಬೈಕಾರ್ಬೊನೇಟ್‌ನಿಂದಲೂ ಇಂಗಾಲ ಎಳೆದುಕೊಳ್ಳುತ್ತದೆ. ನಮ್ಮ ನೀರು ಅದಕ್ಕೆ ಹಬ್ಬದೂಟ.

ನಾನು ಕೊಂಡಿದ್ದು ಒಂದೇ, ಕ್ರಿಪ್ಟೊಕೊರೈನ್ ವೆಂಡ್ಟೈ. ಗಡಸು ನೀರಿಗೆ ಹೆದರದ ಗಿಡ. ಒಯ್ಯುವಾಗ ನೀರಲ್ಲಿ ಮುಳುಗಿಸಬೇಡಿ. ಬೇರನ್ನು ಒದ್ದೆ ಪೇಪರಿನಲ್ಲಿ ಸುತ್ತಿ, ಕವರಿಗೆ ಗಾಳಿ ತುಂಬಿ ಕಟ್ಟಿದರೆ ಎರಡು ಮೂರು ದಿನ ಏನೂ ಆಗಲ್ಲ. ಮನೆಗೆ ಬಂದ ಮೇಲೆ ಬಸವನಹುಳುವಿನ ಕಾಟ ಬೇಡ ಅಂತ ಪಟಿಕದ ನೀರಲ್ಲಿ ಅದ್ದಿ ತೊಳೆದೆ. ವಾರದಲ್ಲಿ ಎಲೆಯೆಲ್ಲ ಕರಗಿ ಲೋಳೆಯಾಯಿತು. ಗಾಬರಿಯಾಗಿ ಕಿತ್ತೆಸೆಯಬೇಡಿ, ಈ ಜಾತಿ ಜಾಗ ಬದಲಾದರೆ ಹಾಗೇ. ಮೂರನೇ ವಾರ ಬುಡದಲ್ಲಿ ಕಂದು ಬಣ್ಣದ ಹೊಸ ಚಿಗುರು ಬಂತು.

ಈಗ ಒಂದು ಪಾಲು ಬೋರ್ ನೀರಿಗೆ ಎರಡು ಪಾಲು ಫಿಲ್ಟರ್ ನೀರು ಬೆರೆಸುತ್ತೇನೆ. ಕೆಎಚ್ 6ಕ್ಕೆ ಇಳಿದಿದೆ. 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಕುಡಿಯೋ ನೀರು ಮೀನಿಗಾ ಅಂತ ಅಮ್ಮ ಗೊಣಗುತ್ತಾರೆ, ಕಾಯಿನ್ ಕೊಡೋದೂ ಅವರೇ. ಬುರುಡೆಯಲ್ಲಿ ಸರಿಯಾದ ದ್ರವವಿದೆ, ಹಸಿರಾಗಿದೆ. ವ್ಯಾಲಿಸ್ನೇರಿಯಾವನ್ನು ಹಿತ್ತಲ ಟಬ್ಬಿಗೆ ಹಾಕಿ ಬರೀ ಬೋರ್ ನೀರು ಬಿಟ್ಟಿದ್ದೇನೆ.

ಫೆಬ್ರವರಿಯಲ್ಲಿ 7 ಹನಿಯವರು ಫೋನ್ ಮಾಡಿದರು. ‘ನಿಮ್ಮ ಗಿಡ ಇಲ್ಲಿ ಸೊರಗ್ತಿದೆ. ಅದಕ್ಕೆ ಏನು ಹಾಕ್ತೀರಾ?’

‘ಏನೂ ಇಲ್ಲ ಸಾರ್, ನಮ್ಮ ನೀರು ಅಷ್ಟೇ. ಬೇಕಾದರೆ ಬನ್ನಿ, ತುಂಬಿಸಿ ಕೊಡ್ತೀನಿ’ ಅಂದೆ. ಸುಮ್ನೆ ಅಂದಿದ್ದು.

ಮುಂದಿನ ಭಾನುವಾರ ಎರಡು ಖಾಲಿ ಕ್ಯಾನ್ ಹಿಡಿದು ಬಂದೇಬಿಟ್ಟರು. ಕೋಲಾರದಿಂದ ಬೆಂಗಳೂರಿಗೆ ನೀರು ಹೋಗೋದನ್ನು ನೋಡಬೇಕು ಅಂತ ಅಪ್ಪ ಗೇಟಿನ ತನಕ ಬಂದು ನಿಂತರು.